ಇಂಜಿನ್ನಿಗೆ ಉಡಿ ತುಂಬಿದ್ದು

ನಮ್ಮ ಮನೆಯ ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ನನ್ನ ಕೈ ತಾನಾಗಿಯೇ ಜೋಳದ ಹಿಟ್ಟಿನ ಡಬ್ಬಿಯ ಕಡೆಗೆ ಹೋಗುತ್ತದೆ. ಮೊಮ್ಮಕ್ಕಳಿಗೆ ಇದೊಂದು ದೊಡ್ಡ ತಮಾಷೆ. ಮೊನ್ನೆ ರವಿವಾರ ಮೊಮ್ಮಗಳು ಸುಮಾ ಬೇಳೆ ಬೇಯಲು ಇಟ್ಟು, “ಅಜ್ಜಿ, ಮೂರು ಸೀಟಿ ಆದಮ್ಯಾಲೆ ಗ್ಯಾಸ್ ಬಂದ್ ಮಾಡು” ಎಂದು ಹೇಳಿ ಹೊರಗೆ ಹೋದಳು. ಅವಳು ತಿರುಗಿ ಬರುವಷ್ಟರಲ್ಲಿ ಬೇಳೆ ತಳ ಹಿಡಿದು, ಅದರ ವಾಸನೆ ದೇಶಪಾಂಡೆ ನಗರದ ಅರ್ಧ ಓಣಿಗೆ ಹಬ್ಬಿತ್ತು. ನಾನು ಮಾತ್ರ ಪರಾತದ ಮುಂದೆ ಕುಳಿತು ನೆಮ್ಮದಿಯಾಗಿ ರೊಟ್ಟಿ ಬಡಿಯುತ್ತಿದ್ದೆ. ಆ ದಿನ ರೊಟ್ಟಿಯನ್ನು ಯಾರೂ ಕೇಳಿರಲಿಲ್ಲ.

“ಅಜ್ಜಿ, ಸೀಟಿ ಕೇಳಿಸ್ಲಿಲ್ಲೇನು?”

“ಕೇಳಿಸ್ತು. ಅದಕ್ಕ ರೊಟ್ಟಿಗೆ ಕುಂತೆ.”

ಅವಳು ಹಣೆಗೆ ಕೈ ಹಚ್ಚಿಕೊಂಡಳು. “ಕುಕ್ಕರಿಗೂ ರೊಟ್ಟಿಗೂ ಏನ್ ಸಂಬಂಧ, ಅದನ್ನರ ಹೇಳು” ಎಂದು ಎಲ್ಲ ಮಕ್ಕಳೂ ಸುತ್ತ ಕುಳಿತರು. ನನ್ನಿಂದ ಆಗಲಿಲ್ಲ. ನಾಲ್ಕು ಮಂದಿ ಬಾಯಿ ನೋಡಹತ್ತಿದರೆ ನನಗೆ ನಾಲಿಗೆ ಏಳುವುದಿಲ್ಲ, ಆ ನಾಲ್ವರೂ ನನ್ನ ಮೊಮ್ಮಕ್ಕಳೇ ಆಗಿದ್ದರೂ. ಆದರೆ ಉಪ್ಪಿನಬೆಟಗೇರಿಯ ಕನ್ನಡ ಸಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೆ ಬರೆಯುತ್ತಿದ್ದೇನೆ. ಓದಿ ನಗುವವರು ನಗಲಿ. ಆಗ ನಾನು ಎದುರಿಗೆ ಇರುವುದಿಲ್ಲವಲ್ಲ.

ನಮ್ಮ ಸಾಲೆಯ ಪುಸ್ತಕದಲ್ಲಿ ಒಂದು ರೈಲಿನ ಚಿತ್ರವಿತ್ತು. ಮುಂದಿನ ಡಬ್ಬಿಯ ಮೇಲೆ ಹೊಗೆ ಬರೆದಿದ್ದರು. ನಾನು ಅದನ್ನು ರೈಲಿನ ಅಡಿಗೆಮನೆ ಎಂದೇ ತಿಳಿದಿದ್ದೆ. ಇಷ್ಟು ತಿಳಿವಳಿಕೆ ಇದ್ದವಳನ್ನು ಹುಬ್ಬಳ್ಳಿಯ ಇಂಜಿನ್ ಡ್ರೈವರನಿಗೆ ಕೊಟ್ಟರು. ನಮ್ಮಪ್ಪ ಊರ ತುಂಬ ಹೇಳಿಕೊಂಡು ತಿರುಗಿದ: “ಹುಡುಗನ ಹಂತ್ಯಾಕ ಹೊಲ ಇಲ್ಲ, ಎತ್ತಿಲ್ಲ. ಆದರ ಊರಿಗೆ ಊರನ್ನ ಎಳಕೊಂಡು ಹೋಗೋ ಇಂಜಿನ್ ಐತಿ!” ಇಂಜಿನ್ನು ಅಳಿಯನದಲ್ಲ, ರೈಲು ಕಂಪನಿಯದು ಎಂದು ಅವನಿಗೆ ಯಾರೂ ತಿಳಿಸಿ ಹೇಳಲಿಲ್ಲ. ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ ಬಿಡಿ.

ಮದುವೆಯಲ್ಲಿ ನನ್ನ ಮಾನ ಹೋದದ್ದು ಒಡಪಿನಲ್ಲಿ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿಬಾಯಿಂದ ಹೇಳಬಾರದು. ಎರಡು ಸಾಲಿನ ಪ್ರಾಸದೊಳಗೆ ಸುತ್ತಿ ಹೇಳಿದರೆ ದೋಷವಿಲ್ಲ, ಅದೇ ಒಡಪು. ಹೊಸ ಮದುಮಗಳನ್ನು ಹೊಸ್ತಿಲಲ್ಲಿ ತಡೆದು ನಿಲ್ಲಿಸಿ, “ಒಡಪು ಹಾಕು, ಒಳಗ ಬಿಡತೇವಿ” ಎಂದು ಹೆಂಗಸರು ಕಾಡುತ್ತಾರೆ. ನನ್ನ ಗೆಳತಿಯರು ಹಾಡಿದ ಹಾಗೆ ಹೇಳುತ್ತಿದ್ದರು. ನಾನು ಹೊಸ್ತಿಲಲ್ಲಿ ನಿಂತೆ, ಬೆವತೆ, ಕಡೆಗೆ ಅತ್ತುಬಿಟ್ಟೆ. ಯಾರೋ ಒಬ್ಬಳು, “ಮೂಕಿನ್ನ ತಂದೀರೇನ್ರಿ ಅಕ್ಕಾರ?” ಎಂದಳು. ನನ್ನ ಅತ್ತೆ ನಕ್ಕು ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡರು. “ಇರಲಿ ಬಿಡ್ರಿ. ಹೊಸಬಾಕಿ, ಕಲೀತಾಳ.”

ಆ ಮಾತಿನಲ್ಲಿ ಎಷ್ಟು ಭಾಗ ಪ್ರೀತಿ, ಎಷ್ಟು ಭಾಗ ಚುಚ್ಚು ಎಂದು ನಾನು ವರ್ಷಗಟ್ಟಲೆ ಲೆಕ್ಕ ಹಾಕಿದೆ.

ರೈಲಿನವರ ಕ್ವಾರ್ಟರ್ಸಿಗೆ ಬಂದ ಮೇಲೆ ಒಂದು ಸಂಗತಿ ತಿಳಿಯಿತು. ಈ ಮನೆಗೆ ನಾನು ಮೊದಲ ಸೊಸೆಯಲ್ಲ. ಆ ಕಾಲಕ್ಕೆ ಒಬ್ಬ ಡ್ರೈವರನಿಗೆ ಒಂದೇ ಇಂಜಿನ್. ಅವನದು ಅವನಿಗೇ. ಅವನು ರಜೆ ಹಾಕಿದರೆ ಅದೂ ಶೆಡ್ಡಿನಲ್ಲಿ ನಿಂತಿರುತ್ತಿತ್ತು. ಅದರ ಹಿತ್ತಾಳೆಯನ್ನು ತಾನೇ ತಿಕ್ಕಬೇಕು, ಅದರ ಕೆಮ್ಮು ನೆಗಡಿ ತಾನೇ ನೋಡಬೇಕು. ನಮ್ಮವರ ಕೈಗೆ ಆ ಇಂಜಿನ್ ಬಂದು, ಆಮೇಲೆ ನಾನು ಬಂದವಳು. ಅದಕ್ಕೆ ಅತ್ತೆ ಅದನ್ನು “ಹಿರೀ ಸೊಸಿ” ಎಂದೇ ಕರೆಯುತ್ತಿದ್ದರು. ಅದರ ಹೊಟ್ಟೆಯ ಮೇಲೆ ಒಂದು ಹಿತ್ತಾಳೆಯ ತಗಡಿತ್ತು. ಅದರಲ್ಲಿ ವಿಲಾಯಿತಿಯ ಯಾವುದೋ ಊರಿನ ಹೆಸರು ಕೊರೆದಿದ್ದರು. ಅತ್ತೆಗೆ ಓದಲು ಬರುತ್ತಿರಲಿಲ್ಲ, ಮಗನಿಂದ ಕೇಳಿ ತಿಳಿದಿದ್ದರು. “ಅದು ಆಕಿ ತವರೂರು. ಪಾಪ, ಹಡಗದಾಗ ಬಂದಾಳ. ಒಬ್ಬರೂ ಕರಿಯಾಕ ಬಂದಿಲ್ಲ” ಎಂದು ಮರುಗುತ್ತಿದ್ದರು. ನನ್ನ ತವರು ಎತ್ತಿನ ಚಕ್ಕಡಿಯಲ್ಲಿ ಒಂದು ದಿನದ ದೂರದಲ್ಲಿತ್ತು. ನನ್ನ ಬಗ್ಗೆ ಯಾರೂ ಮರುಗಲಿಲ್ಲ.

ದಸರೆಯ ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಗೆ, ಶೆಡ್ಡಿನ ಬಾಗಿಲು ಮನೆಯವರಿಗೆಲ್ಲ ತೆರೆದಿರುತ್ತಿತ್ತು. ಉಳಿದವರು ಇಂಜಿನ್ನಿಗೆ ಹೂವು ಹಾಕಿ ಕಾಯಿ ಒಡೆದು ಸುಮ್ಮನಾದರೆ, ನಮ್ಮ ಅತ್ತೆಗೆ ಅಷ್ಟರಿಂದ ತೃಪ್ತಿಯಿಲ್ಲ. ಉಡಿ ತುಂಬಬೇಕು! ಹೆಣ್ಣುಮಕ್ಕಳಿಗೆ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಕುಪ್ಪಸದ ಖಣ ಸೆರಗಿನಲ್ಲಿ ಹಾಕಿ ಹರಸುವ ಹಾಗೆ, ಅದಕ್ಕೂ. ಅತ್ತೆ ಗಂಡನನ್ನು ಕಳೆದುಕೊಂಡವರಾದ್ದರಿಂದ ತಾವು ತುಂಬುವಂತಿರಲಿಲ್ಲ. ತುಂಬುವ ಮುತ್ತೈದೆ ನಾನು, ಹೇಳಿಕೊಡುವವರು ಅವರು. ಇಂಜಿನ್ನಿಗೆ ಉಡಿ ಎಲ್ಲಿರುತ್ತದೆ ಎಂಬುದರ ಮೇಲೆ ಮೊದಲ ವರ್ಷ ತಾಯಿ ಮಗನ ನಡುವೆ ದೊಡ್ಡ ವಾದವೇ ಆಯಿತು. ಕಡೆಗೆ ದುಂಡನೆಯ ಮುಖದ ಕೆಳಗೆ, ಮುಂದಿನ ಕಬ್ಬಿಣದ ತೊಲೆಯ ಮೇಲೆ ಒಂದು ಗೇಣು ಜಾಗವಿದೆಯಲ್ಲ, ಅದೇ ಉಡಿ ಎಂದು ತೀರ್ಮಾನವಾಯಿತು.

“ಅವ್ವಾ, ಅಕ್ಕಿ ಗಂಟು ಕಟ್ಟಿ ಇಡು. ಒಂದು ಕಾಳು ಒಳಗ ಬಿದ್ರ ನನ್ನ ನೌಕರಿ ಬೀಳತೈತಿ” ಎಂದು ಇವರು ಗೋಗರೆದರು.

ಇನ್ನು ರೊಟ್ಟಿಯ ಕಥೆ. ರೈಲಿನವರಿಗೆ ಮನೆಗೆ ಬರುವ ಹೊತ್ತೆಂಬುದಿಲ್ಲ. ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಹೆಂಡಂದಿರು ಪುಣ್ಯವಂತೆಯರು. ಭೋಂಗಾ, ಅಂದರೆ ಕಾರ್ಖಾನೆಯ ಸೈರನ್, ಕೂಗಿದರೆ ಗಂಡ ಬಂದ. ಹುಬ್ಬಳ್ಳಿಗೆ ಹುಬ್ಬಳ್ಳಿಯೇ ಆ ಭೋಂಗಾ ಕೇಳಿ ಏಳುತ್ತಿತ್ತು, ಉಣ್ಣುತ್ತಿತ್ತು. ಡ್ರೈವರನ ಹೆಂಡತಿಗೆ ಸೀಟಿಯೇ ಗತಿ. ಊರ ಹೊರಗಿನ ಸಿಗ್ನಲ್ಲಿನ ಹತ್ತಿರ ಬಂದಾಗ ಪ್ರತಿಯೊಬ್ಬ ಡ್ರೈವರನೂ ತನ್ನದೇ ಒಂದು ರೀತಿಯಲ್ಲಿ ಸೀಟಿ ಹಾಕುತ್ತಿದ್ದ. ಪಕ್ಕದ ಮನೆಯ ಹುಸೇನಸಾಬರದು ಕುದುರೆ ಕೆನೆದ ಹಾಗೆ. ಇವರದು ಒಂದು ಉದ್ದ, ಎರಡು ಗಿಡ್ಡ, ಕಡೆಗೆ ಒಂದು ಸಣ್ಣ ಬಾಲ. ಕೂಗು ಮುಗಿಯಿತು ಎನ್ನುವಾಗ ಕೈ ಬಿಡಲಾರದೆ ಬಿಟ್ಟಂತೆ, ಸೊಂಯ್ ಎಂದು. ಆ ಬಾಲ ಕೇಳಿದೊಡನೆ ಹಂಚು ಒಲೆಯ ಮೇಲೆ ಹೋಗಬೇಕು. ಇವರು ಇಂಜಿನ್ ಶೆಡ್ಡಿಗೆ ಬಿಟ್ಟು, ಬಾವಿಯ ಹತ್ತಿರ ಮಸಿ ತೊಳೆದು ಒಳಗೆ ಬರುವುದಕ್ಕೂ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು.

ನಿಮ್ಮ ಕಾಲದ ಹಾಗೆ ಗಂಡ ಹೆಂಡತಿ ಹಿರಿಯರೆದುರು ಕುಳಿತು ಮಾತಾಡುವ ಕಾಲವಲ್ಲ ಅದು. ಇವರು ಮೊದಲೇ ಮಿತಮಾತಿನವರು, ನಾನಂತೂ ನಾನೇ. ಹಾಗಾಗಿ ಹಗಲಿನಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತೆಂದರೆ ಅಷ್ಟೇ: ಅವರದು ಸೀಟಿ, ನನ್ನದು ರೊಟ್ಟಿ. ಆದರೂ ನನಗೊಂದು ಸಿಟ್ಟಿತ್ತು. ಆ ಸೀಟಿಯ ದನಿ ಸವತಿಯದಾಗಿತ್ತಲ್ಲ! ಅತ್ತೆ ಬೇರೆ ದಿನಾಲು ಗಾಯಕ್ಕೆ ಉಪ್ಪು ಸವರುತ್ತಿದ್ದರು: “ನಮ್ಮ ಹಿರೀ ಸೊಸಿ ನೋಡು, ಬಾಯಿಬಿಟ್ಟು ಕೂಗತಾಳ, ಇಡೀ ಊರಿಗೆ ಕೇಳತೈತಿ. ಕಿರಿಯಾಕಿ ತುಟಿ ಬಿಚ್ಚೂದಿಲ್ಲ.” ನಾನು ಉತ್ತರವನ್ನು ರೊಟ್ಟಿಯ ಮೇಲೆ ಬಡಿಯುತ್ತಿದ್ದೆ. ಬಡಿಯುತ್ತ ಬಡಿಯುತ್ತ, ಅದೇ ತಾಳಕ್ಕೆ, ಸವತಿಯನ್ನು ಆಡಿಕೊಂಡು ಒಂದು ಒಡಪನ್ನೂ ಕಟ್ಟಿದ್ದೆ. ಕಟ್ಟಿದ್ದು ಹಿಟ್ಟಿಗೆ ಮಾತ್ರ ಗೊತ್ತಿತ್ತು.

ಯುದ್ಧ ಬಂತು. ರೈಲಿನ ತುಂಬ ಸಿಪಾಯಿಗಳು. ಕಲ್ಲಿದ್ದಲಿಗೂ ತ್ರಾಸು ಆಯಿತು. ಅದರ ನಡುವೆ ಒಂದು ದಿನ ಇವರು ಊಟಕ್ಕೆ ಕುಳಿತಾಗ ಹೇಳಿದರು: “ಅವ್ವಾ, ಕಂಪನಿ ಹೋತು. ಇನ್ನ ಮ್ಯಾಲೆ ರೈಲು ಸರಕಾರದ್ದು.”

“ಹಳಿ?”

“ಹಳೀನೂ ಸರಕಾರದ್ದು.”

“ನಮ್ಮ ಹಿರೀ ಸೊಸಿ?”

ಇವರು ಮುರಿದ ರೊಟ್ಟಿಯನ್ನು ಬಾಯಿಗೆ ಒಯ್ಯದೆ ತಾಟಿನಲ್ಲೇ ಇಟ್ಟರು. ಅಷ್ಟರಿಂದಲೇ ನನಗೆ ಏನೋ ಕೇಡು ಕಾದಿದೆ ಎನಿಸಿತು. ನಮಗೆ ತಿಳಿದದ್ದಿಷ್ಟು: ಇನ್ನು ಇಂಜಿನ್ನುಗಳು ಯಾರೊಬ್ಬರವೂ ಅಲ್ಲ. ಯಾವುದು ಎಲ್ಲಿ ಬೇಕೋ ಅಲ್ಲಿಗೆ, ಯಾರ ಕೈಗೆ ಸಿಕ್ಕೀತೋ ಅವರ ಕೈಗೆ. ಅತ್ತೆ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದರು: “ಕಂಪನಿ ಅಂದ್ರ ಮನಿತನ ಇದ್ದಂಗಿತ್ತು. ಸರಕಾರ ಅಂದ್ರ ಸಂತಿ.” ಸರಕಾರಕ್ಕೆ ಈ ಮಾತು ತಲುಪಿದಂತಿಲ್ಲ.

ಕೆಲವು ದಿನಗಳ ಮೇಲೆ ಒಂದು ಮುಂಜಾನೆ ಇವರು ಬೂಟು ಹಾಕಿಕೊಳ್ಳುತ್ತ, ಮುಖ ಬಗ್ಗಿಸಿಕೊಂಡೇ ಹೇಳಿದರು: “ಇವತ್ತ ಇಂಜಿನ್ನ ಗುಂತಕಲ್ಲಿಗೆ ಒಯ್ದು ಬಿಟ್ಟು ಬರತೇನಿ. ಇನ್ನ ಅದು ಅಲ್ಲೇ.”

ಅತ್ತೆ ಕೈಯಲ್ಲಿದ್ದ ಚರಿಗೆ ಕೆಳಗಿಟ್ಟರು. “ಗುಂತಕಲ್ಲ? ಅಲ್ಲಿ ನೀರು ಸವಳಂತ. ಆಕಿ ಹೊಟ್ಟಿಗೆ ಹಿಡಿಸೂದಿಲ್ಲ ಅಂತ ನೀನ ಹೇಳಿದ್ದಿ!”

“ನನ್ನ ಕೇಳಿ ಒಯ್ಯಾಕತ್ತಿಲ್ಲವ್ವಾ.”

“ಹೋಗಲಿ. ಉಡಿಸಾಮಾನು ಕಟ್ಟಿಕೊಡತೇನಿ, ಒಯ್ದು ತುಂಬು. ಬರಿ ಉಡಿಲೆ ಕಳಸಬ್ಯಾಡ.”

“ಗಂಡಸರು ಉಡಿ ತುಂಬತಾರೇನವ್ವಾ? ಶೆಡ್ಡಿನವರು ಜೀವಂತ ಬಿಡೂದಿಲ್ಲ ನನ್ನ!” ಎಂದು ಇವರು ಬೂಟಿನ ಲಾಡಿ ಕಟ್ಟದೆಯೇ ಓಡಿದರು.

ಅತ್ತೆ ಟ್ರಂಕಿನಿಂದ ಗುಳೇದಗುಡ್ಡದ ಖಣ ತೆಗೆದರು. ಅದು ನನಗೆಂದು ಇಟ್ಟದ್ದು. ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. “ನಡಿ” ಎಂದರು. “ಮನಿ ಬಿಟ್ಟು ಹೋಗೋ ಸೊಸಿ ಬರಿ ಉಡಿಲೆ ಹೋದ್ರ, ಹೋದ ಮನಿಯಾಗ ಏನಂತಾರ? ಇವರ ಮನಿಯಾಗ ಹೆಣ್ಣು ದಿಕ್ಕ ಇರಲಿಲ್ಲೇನು ಅಂತಾರ.” ಅವರ ಕಣ್ಣು ಒದ್ದೆಯಾಗಿತ್ತು. ನಗು ಬರಬೇಕಾದ ಮಾತು, ನನಗೆ ಬರಲಿಲ್ಲ.

ಸೆರಗಿನಲ್ಲಿ ಗಂಟು ಮುಚ್ಚಿಕೊಂಡು ಇಬ್ಬರೂ ಬಿರಬಿರನೆ ನಡೆದೆವು. ಶೆಡ್ಡಿನ ಬಾಗಿಲಲ್ಲಿ ದೇವಪ್ರಿಯ ಎಂಬ ಹೊಸ ಕಾವಲುಗಾರ ನಿಂತಿದ್ದ. ಮಿಶನ್ ಸಾಲೆಯಲ್ಲಿ ಓದಿದ ಕ್ರಿಶ್ಚಿಯನ್ನರ ಹುಡುಗ, ಧಾರವಾಡದ ಕಡೆಯವನು. ಅಂಗಿಗೂ ಇಸ್ತ್ರಿ, ಮಾತಿಗೂ ಇಸ್ತ್ರಿ.

“ಯುದ್ಧದ ಕಾಲರಿ ಅವ್ವಾರ, ಒಳಗ ಬಿಡಾಕ ಹುಕುಮ್ ಇಲ್ಲ. ಯಾರ ಕಡೆ ಬಂದೀರಿ, ಹೆಸರು ಹೇಳ್ರಿ. ಅವರನ್ನ ಕರಸ್ತೇನಿ. ಅವರು ಹೂಂ ಅಂದ್ರ ಬಿಡತೇನಿ.”

“ನನ್ನ ಮಗನ ಕಡೆ ಬಂದೇವಿ.”

“ಮಗನ ಹೆಸರು?”

ಅತ್ತೆ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಸೀಟಿಯಿಲ್ಲದ ಬಾಯ್ಲರಿನ ಹಾಗೆ ಇಬ್ಬರೂ ಒಳಗೊಳಗೇ ಕುದಿಯುತ್ತ ನಿಂತೆವು. ಯಾಕೆಂದರೆ ನಿಮ್ಮ ಅಜ್ಜನಿಗೆ ಅವರ ಅಜ್ಜನ ಹೆಸರನ್ನೇ ಇಟ್ಟಿದ್ದರು. ನನಗೆ ಅದು ಗಂಡನ ಹೆಸರು, ಹೇಳುವಂತಿಲ್ಲ. ಅತ್ತೆಗೆ ಅದು ಮಾವನವರ ಹೆಸರು, ಅವರೂ ಹೇಳುವಂತಿಲ್ಲ. ಹೊಟ್ಟೆಯಲ್ಲಿ ಹೊತ್ತು ಹೆತ್ತ ಮಗನ ಹೆಸರನ್ನು ಆ ತಾಯಿ ಒಂದು ಸಲವೂ ಕರೆದವರಲ್ಲ.

“ನಮ್ಮ ಮಾವನವರ ಹೆಸರಪಾ ಅದು. ನಾ ಹೆಂಗ ಹೇಳ್ಲಿ?”

“ಹಂಗಾದ್ರ ಈ ತಂಗಿ ಹೇಳಲಿ.”

“ಆಕಿಗೆ ಗಂಡ ಆಗಬೇಕು. ಆಕಿ ಹೆಂಗ ಹೇಳತಾಳ?”

“ಮತ್ತ ಮನಿಯೊಳಗ ಅವರನ್ನ ಕರೆಯೂದು ಹೆಂಗ್ರಿ?”

“ನಾ ‘ತಮ್ಮಾ’ ಅಂತೇನಿ. ಈಕಿ ಕರೆಯೂದ ಇಲ್ಲ.”

ದೇವಪ್ರಿಯ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ಗುರುತರ ಹೇಳ್ರಿ. ನೋಡಾಕ ಹೆಂಗದಾರ?”

“ಮಾರಿ ಕರ್ರಗ ಐತಿ.”

“ಇದರೊಳಗ ಹೋದವರದೆಲ್ಲಾ ಕರ್ರಗ ಆಗತೈತ್ರಿ.”

“ಇಂಜಿನ್ ಹೊಡಿತಾನ.”

“ಎಲ್ಲಾರೂ ಹೊಡಿತಾರ್ರೀ!”

“ಉಳವಿಯೊಳಗ ಇರಾಂವ ನೋಡು, ಆ ದೇವರ ಹೆಸರು.”

“ಉಳವಿ ಯಾವ ಸ್ಟೇಶನ್ನಿನ ಮುಂದ ಬರತೈತ್ರಿ?”

“ಅಲ್ಲಿಗೆ ರೈಲಿಲ್ಲೋ ಯಪ್ಪಾ. ಚಕ್ಕಡಿಯಾಗ ಹೋಗಬೇಕು.”

“ಹಂಗಾದ್ರ ನನಗ ಗೊತ್ತಿಲ್ರಿ” ಎಂದ ಆ ರೈಲ್ವೆಯ ಮನುಷ್ಯ. ಆದರೂ ಒಳ್ಳೆಯವನು. ತಾನೇ ಊಹಿಸತೊಡಗಿದ. “ಯಲ್ಲಪ್ಪ?” “ಅಲ್ಲ.” “ಬಸಪ್ಪ?” “ಹಾಂ, ಹತ್ತರ ಬಂದಿ!” “ಗುರುಬಸಪ್ಪ?” “ದೂರ ಹೋದಿ!” ಅಷ್ಟರಲ್ಲಿ ಕಲ್ಲಿದ್ದಲು ಹೊರುವವರು, ಎಣ್ಣೆ ಹಾಕುವವರು ಎಲ್ಲರೂ ಬಾಗಿಲಲ್ಲಿ ಗುಂಪುಗೂಡಿ, ತಮಗೆ ತೋಚಿದ ಬಸಪ್ಪಗಳನ್ನೆಲ್ಲ ಕೂಗಹತ್ತಿದರು. ನಾನು ಸೆರಗನ್ನು ಎಷ್ಟು ಮುಂದಕ್ಕೆ ಎಳೆದುಕೊಂಡಿದ್ದೆನೆಂದರೆ ನನಗೆ ನನ್ನ ಪಾದವಷ್ಟೇ ಕಾಣುತ್ತಿತ್ತು.

“ಒಳಗ ಒಂದು ಡಬ್ಬಿ ತುಂಬುವಷ್ಟು ಬಸಪ್ಪಗೋಳದಾರ್ರಿ” ಎಂದು ದೇವಪ್ರಿಯ ಕೈಚೆಲ್ಲಿದ. “ಯಾರನ್ನಂತ ಕರೀಲಿ?”

ಆಗ ಗೋಡೆಯ ಆಚೆ ಬಿಳಿ ಉಗಿ ಎದ್ದಿತು. ಭುಸ್ಸೆಂದು ನಿಟ್ಟುಸಿರು. ಅದರ ಹಿಂದೆ ನನ್ನ ಸವತಿಯ ದನಿ: ಹೊರಡುತ್ತೇನೆ ಎಂಬ ಒಂದು ಗಿಡ್ಡ ಸೀಟಿ. ಅತ್ತೆ ಗಂಟನ್ನು ಎದೆಗೆ ಒತ್ತಿಕೊಂಡು, “ಹೋದಳಲ್ಲೋ ಶಿವನ” ಎಂದರು. ಅವರ ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನನಗೆ ಏನಾಯಿತೋ ತಿಳಿಯದು. ಹೊಸ್ತಿಲಲ್ಲಿ ಏಳದ ನಾಲಿಗೆ ಎದ್ದಿತು; ಹಿಟ್ಟಿಗೆ ಮಾತ್ರ ಗೊತ್ತಿದ್ದ ಆ ಎರಡು ಸಾಲು, ಇಡೀ ಶೆಡ್ಡಿಗೆ ಕೇಳುವಂತೆ ಹೊರಗೆ ಬಂದವು:

“ಕಲ್ಲಿದ್ದಲಿ ಉಂಡು, ಕೆರಿನೀರು ಕುಡದು, ಹೊಗಿ ಬಿಡತಾಳ ನಮ್ಮಕ್ಕ;
ಚನ್ನಬಸಪ್ಪನವರ ಹಿರೀ ಹೆಂಡ್ತಿ ಆಕಿ, ಕಿರೀ ಹೆಂಡ್ತಿ ನಾ ಪಕ್ಕಾ!”

ಆಗ ಎದ್ದ ನಗೆಗೆ ತಗಡಿನ ಮಾಡು ಹಾರಿಹೋಗದೆ ಉಳಿದದ್ದೇ ಹೆಚ್ಚು. ಒಳಗಿನಿಂದ ಹುಸೇನಸಾಬರ ಕೂಗು ಕೇಳಿತು: “ಅರೇ ಚನ್ನಬಸಪ್ಪಾ, ಇಳಿಯೋ ಕೆಳಗ! ನಿನ್ನ ಎರಡೂ ಹೆಂಡ್ರು ಒಂದ ಕಡೆ ಕೂಡ್ಯಾರ, ಇವತ್ತ ನಿನ್ನ ಸುದ್ದಿ ಮುಗೀತು!”

ದೇವಪ್ರಿಯ ಬಾಗಿಲು ತೆರೆದು ಬದಿಗೆ ನಿಂತ. “ಇಷ್ಟ ಹೇಳಾಕ ಇಷ್ಟೊತ್ತು ಬೇಕಾತೇನ್ರಿ ತಂಗಿ?”

ಇವರ ಮುಖ ಮಸಿಯ ಒಳಗಿಂದಲೂ ಕೆಂಪಾಗಿ ಕಾಣುತ್ತಿತ್ತು. ಬಿಳಿ ಉಗಿ ನನ್ನ ಮೇಲೆ ಬಾರದ ಹಾಗೆ ಏನೋ ಒಂದನ್ನು ತಿರುವಿ, ದಾರಿ ಬಿಟ್ಟರು. ನಾನು ತೊಲೆಗೆ ಕುಂಕುಮ ಹಚ್ಚಿದೆ, ಗಂಟನ್ನು ಖಣದಲ್ಲಿ ಬಿಗಿದು ಕಟ್ಟಿದೆ. ಅಷ್ಟು ವರ್ಷ ಉಡಿ ತುಂಬಿದ್ದರೂ ಖಂಡೇಪೂಜೆಯ ದಿನ ಅದು ತಣ್ಣಗೆ ನಿಂತಿರುತ್ತಿತ್ತು. ಇಂದು ಬೆಂಕಿ ಹೊಟ್ಟೆಯಲ್ಲಿಟ್ಟುಕೊಂಡು ಬೆಚ್ಚಗಿತ್ತು. ಕೈ ಇಟ್ಟಲ್ಲೆಲ್ಲ ಒಳಗೆ ಜೀವವಿದ್ದಂತೆ ಅದುರುತ್ತಿತ್ತು. “ಹೋಗಿ ಬಾ ಅಕ್ಕಾ” ಎಂದೆ. ಅಷ್ಟು ಗದ್ದಲದಲ್ಲಿ ಯಾರಿಗೂ ಕೇಳಿಸಿರಲಾರದು ಎಂದುಕೊಂಡಿದ್ದೆ. ಇಂಜಿನ್ ಬಾಗಿಲು ದಾಟಿತು. ಬೇಡದ ಸೀಟಿ ಹಾಕಬಾರದೆಂದು ಆಗ ಕಟ್ಟಪ್ಪಣೆಯಿತ್ತು. ಆದರೂ ಬಂತು: ಒಂದು ಉದ್ದ, ಎರಡು ಗಿಡ್ಡ. ಬಾಲವಂತೂ ಎಂದಿಗಿಂತ ಉದ್ದವಾಗಿ, ಗದಗಿನ ದಾರಿಯಲ್ಲಿ ಕರಗುವ ತನಕ.

ಮನೆಗೆ ಬರುವಾಗ ಅತ್ತೆ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಗಂಡನ ಹೆಸರು ಕೂಗಿದ್ದಕ್ಕೆ ಬೈಗುಳ ಕಾದಿದೆ ಎಂದು ನಾನು ಹೆದರುತ್ತಲೇ ಹಿಂದೆ ಬಂದೆ. ಅವರು ಬಾಗಿಲ ಕೀಲಿ ತೆಗೆದು, ಹೊಸ್ತಿಲಿಗೆ ಅಡ್ಡ ನಿಂತು ನನ್ನನ್ನು ತಡೆದರು.

“ಇನ್ನೊಮ್ಮೆ ಹೇಳು.”

“ಏನ್ರಿ ಅತ್ತಿ?”

“ಅದ. ಹೇಳು, ಒಳಗ ಬಿಡತೇನಿ.”

ಹೇಳಿದೆ. ಅವರು ಬಾಯಿಗೆ ಸೆರಗು ಹಚ್ಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡರು. “ಬಾ. ಇನ್ನ ಈ ಮನಿಗೆ ನೀನ ಹಿರಿಯಾಕಿ.” ಕೆಲಸಕ್ಕೆ ಸೇರಿ ಎಷ್ಟೋ ಕಾಲಕ್ಕೆ ಸಿಕ್ಕ ಬಡ್ತಿ ಅದು. ನನಗೆ ಮಾತ್ರ ಅಳು ಬಂತು, ಹೋದವಳಿಗಾಗಿ.

ಗುಂತಕಲ್ಲಿನಿಂದ ಆಮೇಲೆ ಸುದ್ದಿ ಬಂತು. ಅಲ್ಲಿಯ ಶೆಡ್ಡಿನವರು ಗಂಟು ಬಿಚ್ಚಿ, ಇಂಜಿನ್ನಿನ ಕೆಂಡದಲ್ಲೇ ಆ ಅಕ್ಕಿ ಬೇಯಿಸಿಕೊಂಡು ಉಂಡರಂತೆ. ಇವರು ಹೆದರಿ ಹೆದರಿ ಹೇಳಿದರೆ ಅತ್ತೆ ಹಿಗ್ಗಿಹೋದರು. “ನೋಡು, ಹೋದ ದಿನಾನ ನಾಲ್ಕು ಮಂದಿಗೆ ಉಣ್ಣಾಕ ಹಾಕ್ಯಾಳ! ಯಾರ ಮನಿ ಸೊಸಿ ಅಂತೀ?”

ಇವರಿಗೆ ಆಮೇಲೆ ದಿನಕ್ಕೊಂದು ಇಂಜಿನ್. ಒಂದರ ದನಿ ಒಡಕು, ಒಂದು ಎಮ್ಮೆ ಕರೆದ ಹಾಗೆ. ಮೊದಲ ದಿನ ನಾನು ಹಿಟ್ಟಿನ ಮುಂದೆ ಕಂಗಾಲಾಗಿ ಕುಳಿತಿದ್ದೆ, ಗುರುತು ಹಿಡಿಯುವುದು ಹೇಗೆಂದು. ಎಮ್ಮೆಯೊಂದು ದೂರದಲ್ಲಿ ಉದ್ದಕ್ಕೆ ಒಮ್ಮೆ ಕೂಗಿತು, ಗಿಡ್ಡಕ್ಕೆ ಎರಡು ಸಲ. ಕಡೆಗೆ ಕೈ ಬಿಡಲಾರದೆ ಬಿಟ್ಟಂತೆ, ಸೊಂಯ್ ಎಂದಿತು. ನಾನು ಹಂಚು ಇಟ್ಟೆ. ದನಿ ಯಾರದಾದರೇನು, ಕೈ ಅವರದೇ.

ಇಲ್ಲಿಯ ತನಕ ಬರೆದು ಮುಗಿಸಿದ್ದು ಈ ದಿನ ಮುಂಜಾನೆ. ಅಡಿಗೆಮನೆಯಲ್ಲಿ ಯಾರೂ ಇರಲಿಲ್ಲ. ಕುಕ್ಕರ್ ಒಲೆಯ ಮೇಲೆ ಭುಸುಗುಡುತ್ತಿತ್ತು. ನಿಮ್ಮ ಅಜ್ಜ ತೀರಿಹೋದ ಮೇಲೆ ಆ ಒಡಪನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ; ಹೇಳುವ ಕಾಲ ಮುಗಿಯಿತು ಎಂದುಕೊಂಡಿದ್ದೆ. ಬಾಗಿಲ ಕಡೆ ಒಮ್ಮೆ ನೋಡಿ, ಕುಕ್ಕರಿನ ಮುಂದೆ ನಿಂತು, ಎರಡೂ ಸಾಲು ಹೇಳಿದೆ. ಹೆಸರನ್ನೂ.

ಹಿಂದಿನಿಂದ ಖಿಲ್ಲೆಂದು ನಗೆ. ಸುಮಾ ಯಾವಾಗ ಬಂದು ನಿಂತಿದ್ದಳೋ. “ಅಜ್ಜಿ! ಇನ್ನೊಮ್ಮೆ ಹೇಳು! ಜೋರಾಗಿ!”

ಹೇಳಿದೆ, ಜೋರಾಗಿಯೇ. ಮಾತು ಮುಗಿಯುವುದಕ್ಕೂ ಕುಕ್ಕರ್ ಸೀಟಿ ಹೊಡೆಯುವುದಕ್ಕೂ ಸರಿಹೋಯಿತು. ಉದ್ದವಾಗಿಯೇ ಹೊಡೆಯಿತು. ನಾನು ಕಿವಿಗೊಟ್ಟು ಕಾದೆ, ಬಾಲ ಬರಲಿಲ್ಲ.

“ಇರಲಿ ಬಿಡು” ಎಂದೆ ಸುಮಾಳಿಗೆ. “ಹೊಸಬಾಕಿ, ಕಲೀತಾಳ.” ಗ್ಯಾಸ್ ಬಂದ್ ಮಾಡಿದೆ.